ಕೇಳಲು ಯಾರೂ ಇಲ್ಲದ ಮಕ್ಕಳು

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಭಕ್ತರು ಸೇರಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ನನಗೆ ಕೊಟ್ಟಿರುವ ವಿಷಯ ಶರಣರು ಮತ್ತು ಶಿಕ್ಷಣ. ಈ ವಿಷಯದ ಮೇಲೆ ಈ ಸಭಾಂಗಣದಲ್ಲೇ ನಾವೆಲ್ಲ ಎಷ್ಟೋ ಉಪನ್ಯಾಸ ಕೇಳಿದ್ದೇವೆ. ನಾನೂ ಎರಡು ಮೂರು ಸಲ ಮಾಡಿದ್ದೇನೆ. ಬುದ್ಧಿಯವರ ಅಪ್ಪಣೆ ಇದ್ದರೆ ಇವತ್ತು ಆ ಉಪನ್ಯಾಸ ಬಿಟ್ಟು, ಒಬ್ಬ ಹುಡುಗಿಯ ವಿಷಯದಿಂದ ಮಾತು ಶುರು ಮಾಡುತ್ತೇನೆ. ಇದನ್ನು ಇದುವರೆಗೆ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಹೇಳಿಲ್ಲ.

ನಾನಿನ್ನೂ ಕೆಲಸದಲ್ಲಿದ್ದಾಗಿನ ಮಾತು. ಬಿ.ಎ. ಎರಡನೇ ವರ್ಷದ ಹುಡುಗಿ, ಹನೂರಿನಿಂದಾಚೆ ಕಾಡಂಚಿನ ಊರಿನವಳು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ಪಾಠ ಹೋದಂತೆಯೇ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾ, ಸ್ಕಾಲರ್‌ಶಿಪ್ ಬಂದಿಲ್ಲ ಸಾ" ಅಂದಳು. ನಾನು ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. "ಆಫೀಸಿನಲ್ಲಿ ಕೇಳಮ್ಮ" ಅಂದೆ. ವಾರ ಬಿಟ್ಟು ಮತ್ತೆ ಬಂದಳು. ಆಫೀಸಿನವರು ಬ್ಯಾಂಕಿನಲ್ಲಿ ಕೇಳು ಅಂದರಂತೆ, ಬ್ಯಾಂಕಿನವರು ಕಾಲೇಜಿನಲ್ಲಿ ಕೇಳು ಅಂದರಂತೆ. "ಇನ್ನೊಂದು ಸಲ ಹೋಗಿ ಬಾರಮ್ಮ" ಅಂದೆ. ಮೂರನೆಯ ಸಲ ಬಂದಾಗ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಏನೂ ಕೇಳದೆ ಹೊರಟುಹೋದಳು. ನಾನು ನೋಡಿದೆ. ಕರೆಯಲಿಲ್ಲ.

ನಾಲ್ಕನೇ ಸೆಮಿಸ್ಟರಿಗೆ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

ಎರಡು ವರ್ಷ ಕಳೆದ ಮೇಲೆ ಒಂದು ಅಮಾವಾಸ್ಯೆ, ಮಾದಪ್ಪನ ಬೆಟ್ಟದಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದೆ ಕಂಕುಳಲ್ಲಿ ಮಗು ಹೊತ್ತ ಹೆಣ್ಣುಮಗಳು ತಿರುಗಿ ನೋಡಿ ನಕ್ಕಳು. ಅವಳೇ. ಯಾಕಮ್ಮ ಓದು ಬಿಟ್ಟುಬಿಟ್ಟೆ ಅಂದೆ. "ದುಡ್ಡು ಬರ್ಲಿಲ್ಲ ಸಾ. ದುಡ್ಡು ಬರ್ದೇ ಇದ್ದ ಮ್ಯಾಲೆ ದಿನಾ ಬಸ್ ಚಾರ್ಜ್ ಎಲ್ಲಿಂದ ತರಾದು ಅಂದ್ರು ನಮ್ಮಪ್ಪ. ಯಾರ್ನ ಕೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ ಸಾ." ನಿನ್ನ ಖಾತೆಗೆ ಆಧಾರ್ ಜೋಡಣೆ ಆಗಿತ್ತಾ ಅಂತ ಕೇಳಿದೆ. "ಅಂಗಂದ್ರೆ ಏನು ಸಾ?" ಅಂದಳು.

ಆಮೇಲೆ ವಿಚಾರಿಸಿದೆ. ಅವಳ ಅರ್ಜಿ ಸರಿಯಾಗಿಯೇ ಇತ್ತು, ಹಣ ಮಂಜೂರೂ ಆಗಿತ್ತು. ಖಾತೆಗೆ ಆಧಾರ್ ಜೋಡಣೆ ಆಗದೆ ಹಣ ಬಂದ ದಾರಿಯಲ್ಲೇ ವಾಪಸ್ಸು ಹೋಗಿತ್ತು. ಒಬ್ಬರು ಅವಳ ಜೊತೆ ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಬರೆದುಕೊಟ್ಟು, ಅರ್ಧ ಗಂಟೆ ನಿಂತಿದ್ದರೆ ಆ ಹುಡುಗಿ ಪದವೀಧರೆ ಆಗುತ್ತಿದ್ದಳು. ಆ ಅರ್ಧ ಗಂಟೆ ನನ್ನ ಹತ್ತಿರ ಇತ್ತು.

ಇನ್ನೂ ಒಂದು ಮಾತಿದೆ. ಅದನ್ನು ಇಲ್ಲಿ, ಬಸವಣ್ಣನವರ ಭಾವಚಿತ್ರದ ಕೆಳಗೆ ನಿಂತು ಹೇಳದೆ ಇದ್ದರೆ ನಾನು ಮಾತಾಡುವುದಕ್ಕೇ ಯೋಗ್ಯನಲ್ಲ. ಅವಳು ನಮ್ಮ ಸಮಾಜದ ಹುಡುಗಿ ಅಲ್ಲ. ನಮ್ಮವರ ಹುಡುಗಿಯಾಗಿದ್ದರೆ ಅವಳಪ್ಪ ಇದೇ ಮಠದ ಪ್ರಸಾದದ ಸಾಲಿನಲ್ಲಿ ನನಗೆ ಸಿಕ್ಕಿ, "ಮೇಷ್ಟ್ರೇ, ನಮ್ಮ ಮಗಳದ್ದು ಒಂಚೂರು ನೋಡಿ" ಅಂದಿರುತ್ತಿದ್ದ. ನಾನು ನೋಡಿರುತ್ತಿದ್ದೆ. ಹಾಗೆ ನೋಡಿಕೊಟ್ಟ ಮಕ್ಕಳು ಈ ಸಭೆಯಲ್ಲೇ ಇಬ್ಬರು ಮೂವರು ಕುಳಿತಿದ್ದಾರೆ. ಜಾತಿ ಕೇಳಿ ಸಹಾಯ ಮಾಡಿದವನಲ್ಲ ನಾನು. ಆದರೆ ನನ್ನ ತನಕ ಬರುವ ದಾರಿ ಒಂದೇ ಜಾತಿಯವರಿಗೆ ಗೊತ್ತಿತ್ತು. ಫಲ ಮಾತ್ರ ಒಂದೇ ಆಯಿತಲ್ಲ.

ನಮ್ಮ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆ ಎಲ್ಲರೂ ಕೇಳಿದ್ದೀರಿ. ಚಿಕ್ಕಲ್ಲೂರು ಜಾತ್ರೆಗೆ ಹೋಗದ ಮನೆ ನಮ್ಮ ಕಡೆ ಕಡಿಮೆ. ಮಂಟೇಸ್ವಾಮಿ ಅಸಹ್ಯವಾದ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾರೆ. ದಿನಕ್ಕೆ ಅಷ್ಟೊಂದು ಜಂಗಮರಿಗೆ ದಾಸೋಹ ನಡೆಯುವ ಊರಿನಲ್ಲಿ ಅವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಚಿಕ್ಕಂದಿನಿಂದ ಈ ಕಥೆ ಕೇಳುವಾಗ ಬಾಗಿಲಲ್ಲಿ ತಡೆದವರು ಯಾರೋ ಕೆಟ್ಟವರು ಅಂದುಕೊಂಡಿದ್ದೆ. ಬೆಟ್ಟದಿಂದ ಇಳಿದು ಬರುವಾಗ ಬಸ್ಸಿನಲ್ಲಿ ಆ ಕಥೆ ನೆನಪಾಯಿತು. ಅವರೂ ಟೆಸ್ಟ್ ಪೇಪರ್ ತಿದ್ದುತ್ತಾ ಇದ್ದರೇನೋ.

ಈಗ ನನ್ನ ಕಥೆ ಸ್ವಲ್ಪ. ನಮ್ಮಪ್ಪ ಬೇರೆಯವರ ಮನೆಯಲ್ಲಿ ಚರಕದಲ್ಲಿ ರೇಷ್ಮೆ ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಬೆಂದ ಗೂಡು ಹಿಡಿದು ಹಿಡಿದು ಅವರ ಬೆರಳ ತುದಿ ಯಾವಾಗಲೂ ಬಿಳಿಚಿಕೊಂಡಿರುತ್ತಿತ್ತು. 1978ರಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪಾಸಾದೆ. ನಮ್ಮ ಮನೆತನದಲ್ಲಿ ಅದೇ ಮೊದಲು. ಮುಂದೇನು ಅಂತ ಅಪ್ಪನಿಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಒಬ್ಬ ಶರಣರು ನಮ್ಮ ಬೀದಿಯಲ್ಲಿದ್ದರು. ಅವರು ಒಂದು ದಿನ ರಜೆ ಹಾಕಿ ನನ್ನನ್ನು ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಕಾಲೇಜಿನ ಅರ್ಜಿ ತುಂಬಿಸಿದರು, ಮಠದ ವಿದ್ಯಾರ್ಥಿ ನಿಲಯಕ್ಕೆ ಸೇರಿಸಿದರು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಆಮೇಲೆ ಮೂರು ವರ್ಷ ತಿಂಗಳಿಗೊಂದು ಕಾರ್ಡು ಬರೆದರು. ಕಾರ್ಡಿನಲ್ಲಿ ದೊಡ್ಡ ಉಪದೇಶ ಏನೂ ಇರುತ್ತಿರಲಿಲ್ಲ. ಪರೀಕ್ಷೆ ಫೀಸು ಕಟ್ಟಿದೆಯಾ, ಕಟ್ಟಿದ್ದರೆ ರಸೀತಿ ಇಟ್ಟುಕೋ. ಇಷ್ಟೇ.

ನಾನು ಎಲ್ಲ ಸಭೆಗಳಲ್ಲೂ ಮಠದ ಅನ್ನ ತಿಂದು ಓದಿದವನು ಅಂತ ಹೇಳಿಕೊಂಡು ಬಂದೆ. ಅದು ನಿಜ. ಆದರೆ ಆ ಅನ್ನದ ತನಕ ನನ್ನನ್ನು ಕರೆದುಕೊಂಡು ಹೋದವರ ಮಾತನ್ನು ಯಾವ ಸಭೆಯಲ್ಲೂ ಆಡಲಿಲ್ಲ.

ನಮ್ಮ ಸಮಾಜ ಶಿಕ್ಷಣಕ್ಕೆ ಕೊಟ್ಟಿದ್ದು ಸಣ್ಣದಲ್ಲ. 1883ರಲ್ಲೇ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಸೇರಿ ಓದುವ ಮಕ್ಕಳಿಗಾಗಿ ನಿಧಿ ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಕಟ್ಟಿದವರು ಏಳು ಜನ ಮೇಷ್ಟ್ರುಗಳು. ನಮ್ಮ ಕಡೆಗೆ ಬಂದರೆ ಸುತ್ತೂರಿನ ರಾಜೇಂದ್ರ ಶ್ರೀಗಳು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪಿಸಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಶ್ರೀಗಳು ಯಾವ ಜಾತಿಯ ಮಗು ಬಂದರೂ ಊಟ, ವಸತಿ, ಪಾಠ ಮೂರನ್ನೂ ಕೊಟ್ಟರು. ಅವತ್ತಿನ ಕೊರತೆ ಅನ್ನದ್ದು, ಸೂರಿನದ್ದು, ಶಾಲೆಯದ್ದು. ಯಾವುದು ಇರಲಿಲ್ಲವೋ ಅದನ್ನು ಹಿರಿಯರು ಕೊಟ್ಟರು.

ಇವತ್ತು ಇಲ್ಲದೆ ಇರುವುದು ಯಾವುದು ಅಂತ ನಾವು ನೋಡಬೇಕಲ್ಲವೇ? ಕಾಲೇಜು ಇದೆ. ಕೊಳ್ಳೇಗಾಲದಲ್ಲಿ ಮಹದೇಶ್ವರರ ಹೆಸರಿನ ಸರ್ಕಾರಿ ಕಾಲೇಜಿದೆ, ಹೆಣ್ಣುಮಕ್ಕಳಿಗೆ ಜೆಎಸ್‌ಎಸ್ ಕಾಲೇಜಿದೆ, ಯಳಂದೂರಿನಲ್ಲೂ ಹನೂರಿನಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹಾಸ್ಟೆಲ್ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಯ ಖರ್ಚಿಗೆ ವಿದ್ಯಾಸಿರಿ ಇದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆ ಹುಡುಗಿಯ ಕಾಲಕ್ಕೆ ಅದೂ ಇರಲಿಲ್ಲ. ಇಷ್ಟೆಲ್ಲ ಇದ್ದೂ ಮಕ್ಕಳು ಮಧ್ಯದಲ್ಲಿ ಉದುರಿಹೋಗುತ್ತಾರೆ. ಉದುರದೆ ಡಿಗ್ರಿ ಮುಗಿಸಿದವರು ಅಂಕಪಟ್ಟಿ ಹಿಡಿದುಕೊಂಡು ತಿರುಪ್ಪೂರಿನ ಬನಿಯನ್ ಕಂಪನಿಗೋ ಬೆಂಗಳೂರಿನ ಸೆಕ್ಯೂರಿಟಿ ಕೆಲಸಕ್ಕೋ ಹೋಗುತ್ತಾರೆ. ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ನಂಬಿದವರು ನಾವು. ಆದರೆ ಬೇರೆ ಕಾಯಕವೂ ಇದೆ ಅಂತ ಗೊತ್ತಿಲ್ಲದೆ ಹೋದರೆ, ಅದನ್ನು ಆರಿಸಿಕೊಂಡ ಕಾಯಕ ಅನ್ನಲಿಕ್ಕಾಗುತ್ತದೆಯೇ?

2011ರ ಜನಗಣತಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇ. 61.43. ರಾಜ್ಯದ್ದು ಶೇ. 75.36. ಇವತ್ತು ಕಾಲೇಜಿನಲ್ಲಿರುವ ಮಕ್ಕಳ ಅಪ್ಪ ಅವ್ವ ಆ ಲೆಕ್ಕದೊಳಗಿನವರು. ಕೊಳ್ಳೇಗಾಲ ಸೀಮೆ 1956ರ ತನಕ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡದ ರೈತ ಒಂದು ಕಾಗದಕ್ಕಾಗಿ ತಮಿಳು ಜಿಲ್ಲಾ ಕೇಂದ್ರದ ತನಕ ಹೋಗಬೇಕಿತ್ತು. ಕಚೇರಿ ಅಂದರೆ ನಮ್ಮ ಹಿರಿಯರಿಗೆ ಭಯ, ದೂರ, ಬೇರೆ ಭಾಷೆ. ಆ ಭಯ ಭಾಷೆ ಬದಲಾದರೂ ಪೂರ್ತಿ ಹೋಗಿಲ್ಲ. ಮನೆಯಲ್ಲಿ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಓದಿದ್ದರೆ ಮಗು ಊಟದ ಹೊತ್ತಿಗೆ ಕೇಳಿ ತಿಳಿದುಕೊಳ್ಳುತ್ತದೆ. ಯಾವ ವಿಷಯ ತಗೊಳ್ಳಲಿ, ಈ ಪರೀಕ್ಷೆ ಕಟ್ಟಲಾ, ಈ ಏಜೆಂಟು ಹೇಳುವುದು ನಿಜವಾ. ಮೊದಲ ತಲೆಮಾರಿನ ಮಗುವಿಗೆ ಆ ಚಿಕ್ಕಪ್ಪ ಇಲ್ಲ. ಇರುವುದು ಮೊಬೈಲ್ ಒಂದೇ. ಮೊಬೈಲಿಗೆ ಇವನ ಮನೆ ಸ್ಥಿತಿ ಗೊತ್ತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ರೇಷ್ಮೆ ಹುಳುವಿನ ತಟ್ಟೆಗಳ ಮಧ್ಯೆ ಹುಟ್ಟಿ ಬೆಳೆದ ಹುಡುಗ. ಹುಳುವಿಗೆ ಸುಣ್ಣಕಟ್ಟು ರೋಗ ಬಂದರೆ ದೂರದಿಂದಲೇ ಹೇಳುತ್ತಿದ್ದ. ಪಿಯುಸಿಗೆ ಏನಪ್ಪ ತಗೊಂಡೆ ಅಂದರೆ ಆರ್ಟ್ಸ್. ಯಾಕೆ ಅಂದರೆ, "ನನ್ ಫ್ರೆಂಡೂ ಅದ್ನೇ ತಗೊಂಡ ಸಾ." ರೇಷ್ಮೆ ಕೃಷಿಯಲ್ಲೇ ಪದವಿ ಕೊಡುವ ಕಾಲೇಜು ಚಿಂತಾಮಣಿಯಲ್ಲಿದೆ, ರೇಷ್ಮೆಯ ಕೇಂದ್ರ ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ, ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆಯೇ ಕೋಟಾ ಇದೆ ಅಂತ ಅವನಿಗೆ ಹೇಳುವವರಿರಲಿಲ್ಲ. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಆ ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿಹೋಗಿತ್ತು. ಹಾಗೆಯೇ ಕಾಡಿನ ಅಂಚಿನಲ್ಲಿ ಮರಗಿಡ ನೋಡಿಕೊಂಡೇ ಬೆಳೆಯುವ ಮಕ್ಕಳಿಗೆ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಕೇಳಿದ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದ್ದರಿಂದ ನಾವು ಡಿಗ್ರಿಗೆ ಬಂದ ಮೇಲೆ ಕೈಹಿಡಿದರೆ ಅರ್ಧ ತಡವಾಗಿಯೇ ಇರುತ್ತದೆ. ಹತ್ತನೇ ತರಗತಿಯ ಫಲಿತಾಂಶ ಬಂದ ವಾರವೇ ಆ ಮನೆಗೆ ಯಾರಾದರೂ ಹೋಗಬೇಕು.

ಪಟ್ಟಣಗಳಲ್ಲಿ ಇದಕ್ಕೆ ಮೆಂಟರಿಂಗ್ ಅನ್ನುತ್ತಾರೆ. ಅಮೆರಿಕದಲ್ಲಿ 1960ರ ದಶಕದಲ್ಲೇ ಬಡವರ, ಓದಿಲ್ಲದವರ ಮಕ್ಕಳ ಕೈಹಿಡಿದು ಕಾಲೇಜಿನ ತನಕ ನಡೆಸಲು ಅಪ್‌ವರ್ಡ್ ಬೌಂಡ್ ಅಂತ ಸರ್ಕಾರಿ ಯೋಜನೆಯೇ ಬಂತು. ಹೆಸರು ಹೊಸದಿರಬಹುದು, ಕೆಲಸ ನಮಗೆ ಹೊಸದಲ್ಲ. ನಮ್ಮ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗದವಳು. ಸಂಚಿ ಹಿಡಿದೇ ಮುಗಿದುಹೋಗಬೇಕಾಗಿದ್ದ ಬದುಕು. ಆಸ್ಥಾನದ ಸಿಂಗರಾರ್ಯರು ಆಕೆಯ ಬುದ್ಧಿಯನ್ನು ಗುರುತಿಸಿ ಕಲಿಸಿದರು. ಆಕೆ 'ಹದಿಬದೆಯ ಧರ್ಮ' ಬರೆದಳು. ಮುನ್ನೂರು ವರ್ಷದ ಮೇಲೂ ನಮ್ಮ ಮಕ್ಕಳು ಪಠ್ಯದಲ್ಲಿ ಆಕೆಯನ್ನು ಓದುತ್ತಾರೆ. ಯಳಂದೂರಿನಿಂದ ಅವತ್ತು ಊಳಿಗಕ್ಕೆ ಹೋದ ಹೆಣ್ಣುಮಕ್ಕಳು ಇನ್ನೆಷ್ಟು ಜನವೋ, ಅವರಿಗೆ ಸಿಂಗರಾರ್ಯರು ಸಿಗಲಿಲ್ಲ.

ನಮ್ಮ ಶರಣರಲ್ಲೂ ನೋಡಿ. ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಾ ಇದ್ದರು. ಅವರಾಗಿ ಕಲ್ಯಾಣಕ್ಕೆ ಅರ್ಜಿ ಹಾಕಲಿಲ್ಲ. ಅಲ್ಲಮಪ್ರಭುಗಳೇ ನಡೆದುಕೊಂಡು ಸೊನ್ನಲಿಗೆಗೆ ಹೋದರು, ಅವರ ಸಿಟ್ಟನ್ನೂ ತಡೆದುಕೊಂಡರು, ಜೊತೆಯಲ್ಲಿ ಕರೆದುಕೊಂಡು ಬಂದರು. ಜಂಗಮ ಅಂದರೆ ನಡೆದು ಹೋಗುವವನು. ನಾವು ಜಂಗಮಕ್ಕೆ ಪಾದಪೂಜೆ ಮಾಡಿ ಕೂರಿಸಿಬಿಟ್ಟೆವೇನೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಬುದ್ಧಿಯವರು ಕ್ಷಮಿಸಬೇಕು.

ಮತ್ತೂ ಹತ್ತಿರದ್ದು ಬೇಕೆಂದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಿ. 1981ರಲ್ಲಿ ಡಾಕ್ಟರ್ ಸುದರ್ಶನ್ ಅವರು ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಮೊದಲು ಆಸ್ಪತ್ರೆ, ಆಮೇಲೆ ಸೋಲಿಗರ ಮಕ್ಕಳಿಗೆ ಶಾಲೆ. ಕಾಡಿನಲ್ಲೇ ಬದುಕಿದವರ ಮಕ್ಕಳು ಇವತ್ತು ಮೇಷ್ಟ್ರಾಗಿದ್ದಾರೆ, ನರ್ಸ್ ಆಗಿದ್ದಾರೆ, ಪಿಎಚ್.ಡಿ. ಮಾಡಿದ್ದಾರೆ. ಶಾಲೆಯ ಕಟ್ಟಡ ಒಂದರಿಂದಲೇ ಇದು ಆಗಲಿಲ್ಲ. ಮಗು ಓಡಿಹೋದರೆ ಪೋಡಿಗೆ ಹೋಗಿ ಕರೆತರುವವರು ಬೇಕಿತ್ತು, ಮುಂದಿನ ಓದಿಗೆ ಊರು ಬಿಟ್ಟು ಹೋದಾಗ ವಿಚಾರಿಸುವವರು ಬೇಕಿತ್ತು. ಆ ಬೆಟ್ಟ ಯಳಂದೂರು ತಾಲ್ಲೂಕಿನದೇ. ನಾವು ರಂಗಸ್ವಾಮಿಯ ತೇರಿಗೆ ಹೋಗಿ ಬರುತ್ತೇವೆ, ಈ ಕಡೆ ತಿರುಗಿ ನೋಡುವವರು ಕಡಿಮೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಕೈಹಿಡಿಯುವುದು ಅಂದರೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ನಮಗೇನು ಗೊತ್ತು ಮೇಷ್ಟ್ರೇ, ನಾವೇನು ಇಂಗ್ಲಿಷ್ ಪ್ರೊಫೆಸರಾ ಅನ್ನುತ್ತಾರೆ. ಬೇಕಾಗಿರುವುದು ಅದಲ್ಲ. ನಿವೃತ್ತಿಯ ನಂತರ ಮೂರು ವರ್ಷದಿಂದ ನಾನು ಕೆಲವು ಮಕ್ಕಳ ಜೊತೆ ಓಡಾಡುತ್ತಿದ್ದೇನೆ. ಹೆಚ್ಚಿನ ಹೊತ್ತು ಹೋಗುವುದು ಹೆಸರಿನ ಕಾಟಕ್ಕೆ. ನಮ್ಮ ಸೀಮೆಯಲ್ಲಿ ಮನೆಗೊಬ್ಬ ಮಹದೇವ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಹದೇವಸ್ವಾಮಿ, ಆಧಾರಿನಲ್ಲಿ ಮಾದೇವಸ್ವಾಮಿ, ಬ್ಯಾಂಕ್ ಪುಸ್ತಕದಲ್ಲಿ ಬರೀ ಮಾದೇವ. ಕಂಪ್ಯೂಟರಿಗೆ ಇವರು ಮೂರು ಜನ. (ನಗು) ನಗಬೇಡಿ, ಇದರಿಂದ ಒಂದು ವರ್ಷದ ವಿದ್ಯಾರ್ಥಿವೇತನ ಹೋದವರಿದ್ದಾರೆ. ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರ ಮಾಡಿಸುವಾಗಲೇ ಹೆಸರು ಒಂದೇ ರೀತಿ ಇದೆಯಾ ನೋಡುವುದು, ವಿದ್ಯಾರ್ಥಿವೇತನದ ಪೋರ್ಟಲ್ ತೆರೆದ ದಿನವೇ ಅರ್ಜಿ ಹಾಕಿಸುವುದು, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು. ಬ್ಯಾಂಕಿನಿಂದ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು ಈ ಸಭೆಯಲ್ಲಿ ಹತ್ತಾರು ಜನ ಇದ್ದೀರಿ. ಇದು ನಿಮಗೆ ಎಡಗೈ ಕೆಲಸ.

ಎರಡನೆಯದು ಕಾಗದಗಳ ಕಾಲ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ನಮ್ಮ ಮಕ್ಕಳಲ್ಲಿ ಬಹಳ ಜನ ಓದಿರುವುದು ಹಳ್ಳಿಯ ಕನ್ನಡ ಶಾಲೆಯಲ್ಲೇ. ಆದರೆ ಅದಕ್ಕೆ ನಿಗದಿಯಾದ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದು ಕೊನೆಯ ದಿನ ಹತ್ತಿರ ಬಂದ ಮೇಲೆ ಹಳೇ ಶಾಲೆಗೆ ಓಡುತ್ತಾರೆ. ಹೆಡ್ ಮೇಷ್ಟ್ರು ರಜದಲ್ಲಿರುತ್ತಾರೆ. ಡಿಗ್ರಿ ಎರಡನೇ ವರ್ಷದಲ್ಲೇ ನಮೂನೆ ನೋಡಿ, ಯಾವ ಕಾಗದ ಎಲ್ಲಿ ಸಿಗುತ್ತದೆ ಅಂತ ತಿಳಿದು, ಸಿಗುವುದನ್ನೆಲ್ಲ ಒಂದು ಫೈಲಿನಲ್ಲಿ ಇಡಿಸಿ. ಆ ಫೈಲು ತಂದುಕೊಡುವುದೂ ಒಂದು ದಾಸೋಹವೇ.

ಮೂರನೆಯದು ಕಷ್ಟದ್ದು. ಡಿಗ್ರಿ ಆದ ಮೇಲೆ ಹುಡುಗರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ರೂಮು ಮಾಡಿ ಪಿಡಿಒ, ಪಿಎಸ್‌ಐ, ಕೆಎಎಸ್ ಅಂತ ಕೂರುತ್ತಾರೆ. ಒಂದು ವರ್ಷ, ಎರಡು ವರ್ಷ, ಐದು ವರ್ಷ. ಅವ್ವ ಸಂಘದಲ್ಲಿ ಸಾಲ ತೆಗೆದು ಕಳಿಸುತ್ತಿರುತ್ತಾಳೆ. ಓದಬೇಡ ಅನ್ನಲು ನಮಗೆ ಬಾಯಿ ಬರುವುದಿಲ್ಲ, ಓದು ಅನ್ನಲು ಧೈರ್ಯ ಇಲ್ಲ. ಇಲ್ಲಿ ಬೆನ್ನಿಗೆ ನಿಂತವರು ನಿಜ ಹೇಳಬೇಕು. ಎಷ್ಟು ಸಲ ಬರೆದೆ, ಎಷ್ಟು ಅಂಕ ಬಂತು, ಎಷ್ಟು ಬೇಕಿತ್ತು ಅಂತ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬೇಕು. ಜೊತೆಯಲ್ಲೇ ಇನ್ನೊಂದು ದಾರಿಯನ್ನೂ ತೋರಿಸಬೇಕು. ಪದವೀಧರರಿಗೆ ಭತ್ಯೆ ಕೊಟ್ಟು ಕೆಲಸ ಕಲಿಸುವ ಅಪ್ರೆಂಟಿಸ್ ತರಬೇತಿ ಇದೆ. ನಂಜನಗೂಡಿನ ಕಾರ್ಖಾನೆಗಳು ಇವೆ, ಚಾಮರಾಜನಗರದ ಹತ್ತಿರ ಬದನಗುಪ್ಪೆ ಕೈಗಾರಿಕಾ ಪ್ರದೇಶ ಇದೆ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ಎರಡು ವರ್ಷದ ತನಕ ತಿಂಗಳಿಗೆ ₹3,000 ಬರುತ್ತದೆ. ಆ ಹಣವನ್ನು ಊಟಕ್ಕೆ ಮಾತ್ರ ಅಂದುಕೊಳ್ಳದೆ ಅರ್ಜಿಗೆ, ಪ್ರಯಾಣಕ್ಕೆ, ಒಂದು ಕಂಪ್ಯೂಟರ್ ತರಬೇತಿಗೆ ಹೇಗೆ ಹಂಚಬೇಕು ಅಂತ ಕುಳಿತು ಮಾತಾಡುವವರು ಬೇಕು. ಕೆಲಸ ಕೊಡಿಸುತ್ತೇನೆ ದುಡ್ಡು ಕೊಡು ಅನ್ನುವವನು ಬಂದಾಗ "ಮೊದಲು ನನಗೊಂದು ಫೋನ್ ಮಾಡು" ಅಂತ ಹೇಳಿಟ್ಟಿರುವವರು ಬೇಕು. ಇದೊಂದರಿಂದಲೇ ಎರಡು ಮನೆಗಳ ಜಮೀನು ಉಳಿದದ್ದು ನಾನು ಕಂಡಿದ್ದೇನೆ.

ಹೆಣ್ಣುಮಕ್ಕಳ ವಿಷಯ ಬೇರೆ. ಕೊನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಗಂಡಿನ ಕಡೆಯವರು ಬಂದು ನೋಡಿ ಹೋಗಿರುತ್ತಾರೆ. ಅಲ್ಲಿ ಹುಡುಗಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಅವಳ ಅವ್ವನ ಹತ್ತಿರ ಕೂತು ಮಾತಾಡಬೇಕು. ಆ ಕೆಲಸ ನನ್ನಂಥ ಗಂಡಸರಿಂದ ಆಗುವುದಿಲ್ಲ. ಅಕ್ಕನ ಬಳಗದ ತಾಯಂದಿರು, ಶಿಕ್ಷಕಿಯರು, ಅಂಗನವಾಡಿಯ ಅಕ್ಕಂದಿರು ಮಾಡಬೇಕು. ಹೆಣ್ಣುಮಗಳ ಜೊತೆ ಹೆಣ್ಣುಮಗಳೇ ನಿಲ್ಲಲಿ, ಮನೆಯವರಿಗೆ ತಿಳಿಸಿಯೇ ನಿಲ್ಲಲಿ. ಇದನ್ನು ನಿಯಮ ಅಂತಲೇ ಇಟ್ಟುಕೊಳ್ಳೋಣ.

ನಿಯಮ ಅಂದೆ, ಇನ್ನೂ ಎರಡು ಹೇಳಿಬಿಡುತ್ತೇನೆ. ಹೆಸರು ಬರೆಸುವಾಗ ಜಾತಿಯ ಕಾಲಂ ಇರಬಾರದು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದಾಗ ಆ ಮಗುವೇ ಹೇಳುತ್ತದೆ. ಹಾಗೆಯೇ ಸಹಾಯ ಪಡೆದ ಮಗುವನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫೋಟೋ ತೆಗೆಸುವುದು ಬೇಡ. ಪ್ರಸಾದ ಬಡಿಸುವಾಗ ಉಣ್ಣುವವರ ಫೋಟೋ ತೆಗೆಯುತ್ತೇವೆಯೇ?

ಕೆಲವರು ಅನ್ನುತ್ತಾರೆ, ಸರ್ಕಾರ ಇದೆ, ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ಇದೆ, ನಾವೇಕೆ ಅಂತ. ನಿಜ, ಇದೆ. ನಾನೂ ಅದರ ಸಂಚಾಲಕನಾಗಿ ನಾಲ್ಕು ವರ್ಷ ಇದ್ದೆ. ನೋಟಿಸ್ ಬೋರ್ಡಿಗೆ ಕಾಗದ ಅಂಟಿಸಿದೆ. ನೂರಾರು ಮಕ್ಕಳಿಗೆ ಒಬ್ಬ ಸಂಚಾಲಕ ಅದಕ್ಕಿಂತ ಹೆಚ್ಚು ಮಾಡಲು ಕಷ್ಟ. ಇನ್ನು ಕೆಲವರು, ಸಮಾಜದ ಮಕ್ಕಳಿಗೆ ಮೊದಲು ಆಗಲಿ, ಆಮೇಲೆ ಉಳಿದವರಿಗೆ ಅನ್ನುತ್ತಾರೆ. ಅವರ ಮೇಲೆ ನನಗೆ ಕೋಪ ಇಲ್ಲ, ನಾನೂ ಮೂವತ್ತು ವರ್ಷ ಹಾಗೆಯೇ ನಡೆದುಕೊಂಡವನು. ಆದರೆ ಆ "ಆಮೇಲೆ" ನನ್ನ ಸೇವಾವಧಿಯಲ್ಲಿ ಒಂದು ದಿನವೂ ಬರಲಿಲ್ಲ. ಅನುಭವ ಮಂಟಪದಲ್ಲಿ ಯಾರನ್ನು ಮೊದಲು ಕೂರಿಸಿದರು, ಯಾರನ್ನು ಆಮೇಲೆ ಕೂರಿಸಿದರು ಅಂತ ಬುದ್ಧಿಯವರನ್ನೇ ಕೇಳಿ.

ಸಮಯ ಆಯಿತು ಅಂತ ಸ್ವಾಗತ ಸಮಿತಿಯವರು ಚೀಟಿ ಕೊಟ್ಟಿದ್ದಾರೆ. ಒಂದೇ ಒಂದು ಬೇಡಿಕೆ. ಪ್ರತಿ ತಿಂಗಳ ಶಿವಾನುಭವ ಗೋಷ್ಠಿಗೆ ಒಂದು ಗಂಟೆ ಮುಂಚೆ ಮಠದ ಜಗುಲಿಯಲ್ಲಿ ಒಂದು ಮೇಜು ಹಾಕೋಣ. ಯಾವ ಊರಿನ, ಯಾರ ಮನೆಯ ಮಗು ಬಂದರೂ ಕಾಗದ ತಂದು ತೋರಿಸಲಿ. ಬುದ್ಧಿಯವರು ಜಗುಲಿ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಇದರ ಜೊತೆಗೆ ಒಬ್ಬೊಬ್ಬರು ಒಂದು ಮಗುವಿನ ಹೆಸರು ತೆಗೆದುಕೊಳ್ಳಬೇಕು. ಮೂರು ವರ್ಷಕ್ಕೆ. ಹದಿನೈದು ದಿನಕ್ಕೊಂದು ಫೋನು, ತಿಂಗಳಿಗೊಂದು ಭೇಟಿ. ದುಡ್ಡು ಕೊಡಬೇಕಾಗಿಲ್ಲ. ಕೊಡುವವರು ಕೊಡಿ, ಆದರೆ ದುಡ್ಡು ಕೊಟ್ಟೆ ಅಂತ ಫೋನು ಮಾಡುವುದನ್ನು ಬಿಡಬೇಡಿ.

ಪ್ರಸಾದ ನಿಲಯದ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪುಟದಲ್ಲಿ ಇಪ್ಪತ್ತಮೂರು ಮಕ್ಕಳ ಹೆಸರು ಇದೆ. ಕೊಳ್ಳೇಗಾಲದವರು ಒಂಬತ್ತು, ಹನೂರಿನ ಕಡೆಯವರು ಹತ್ತು, ಯಳಂದೂರಿನವರು ನಾಲ್ಕು. ಪ್ರತಿ ಹೆಸರಿನ ಮುಂದೆ ಆ ಮಗು ಕೇಳಿರುವ ಒಂದು ಪ್ರಶ್ನೆ ಬರೆಸಿದ್ದೇನೆ. ಒಬ್ಬಳು ಬರೆದಿದ್ದಾಳೆ, ಬಿ.ಎಡ್. ಮಾಡಲಾ, ಎಂ.ಎ. ಮಾಡಲಾ, ಯಾವುದಕ್ಕೆ ಖರ್ಚು ಕಡಿಮೆ? ಒಬ್ಬ ಬರೆದಿದ್ದಾನೆ, ಇಂಟರ್‌ವ್ಯೂಗೆ ಹೋದಾಗ ಕೂರು ಅನ್ನುವ ತನಕ ನಿಂತೇ ಇರಬೇಕಾ? ಬಲಗಡೆ ಪುಟ ಖಾಲಿ ಇದೆ. ಅಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬರೆಯಬೇಕು. ಮೊದಲ ಹೆಸರಿನ ಎದುರಿಗೆ ನಾನು ನನ್ನದು ಬರೆದಿದ್ದೇನೆ, ಇನ್ನು ಇಪ್ಪತ್ತೆರಡು ಉಳಿದಿವೆ. ಊಟಕ್ಕೆ ಹೋಗುವ ದಾರಿಯಲ್ಲೇ ಇದೆ, ಪೆನ್ನನ್ನು ದಾರದಲ್ಲಿ ಕಟ್ಟಿಟ್ಟಿದ್ದೇನೆ.